ಮನೆ ಮುಂದಿನ ಮಣ್ಣು ಹದ ಮಾಡೋದು ಹೇಗೆ?

ಹೊಸ ಮನೆಯ ಕಾಂಪೌಂಡ್ ಒಳಗೆ ಗುದ್ದಲಿ ಹಾಕಿ ನೋಡಿ. ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಉಂಡೆ. ನಮ್ಮ ಬೆಂಗಳೂರಿನ ಕೆಂಪು ಮಣ್ಣು ಅದರ ಕೆಳಗೆಲ್ಲೋ ಇರುತ್ತದೆ.

ಮೊದಲು ಒಂದು ಅಡಿ ಆಳದವರೆಗೆ ಇದನ್ನೆಲ್ಲ ಆರಿಸಿ ತೆಗೆಯಿರಿ. ಬೇಜಾರಿನ ಕೆಲಸ, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ಆಮೇಲೆ ಒಂದು ಚಮಚ ಒಣ ಮಣ್ಣಿಗೆ ಸ್ವಲ್ಪ ವಿನೆಗರ್ ಹಾಕಿ. ಬುಸ್ ಅಂತ ನೊರೆ ಬಂತಾ? ಸಿಮೆಂಟಿನ ಸುಣ್ಣ ಇನ್ನೂ ಉಳಿದಿದೆ. ಅಂಥ ಮಣ್ಣಿಗೆ ಬೂದಿ, ಸುಣ್ಣ ಹಾಕಲೇಬೇಡಿ, ಕ್ಷಾರ ಜಾಸ್ತಿಯಾಗುತ್ತದೆ. ನೊರೆ ತುಂಬಾ ಬಂದರೆ ಮೇಲಿನ ಮಣ್ಣು ತೆಗೆದು ಬೇರೆ ಕೆಂಪು ಮಣ್ಣು ತುಂಬಿಸುವುದೇ ವಾಸಿ.

ಈಗ ಗೊಬ್ಬರ. ಮಣ್ಣು ಕೊಂಚ ತೇವ ಇರುವಾಗ ಅಗೆದು ಸಡಿಲ ಮಾಡಿ. 2 ಇಂಚು ದಪ್ಪ ಕೊಟ್ಟಿಗೆ ಗೊಬ್ಬರವನ್ನೋ ಅಡುಗೆಮನೆ ಕಸದ ಕಾಂಪೋಸ್ಟನ್ನೋ ಹರಡಿ, ಮೇಲಿನ 6 ಇಂಚು ಮಣ್ಣಿನಲ್ಲಿ ಬೆರೆಸಿ. 4 ಅಡಿಗೆ 4 ಅಡಿ ಪಾತಿಗೆ ಎರಡು ಮೂರು ಹಿಡಿ ಬೇವಿನ ಹಿಂಡಿ ಸಾಕು. ಹೊಂಗೆ ಹಿಂಡಿಯೂ ಆಗುತ್ತದೆ.

ಗೊಬ್ಬರ ಮಾತ್ರ ಚೆನ್ನಾಗಿ ಕಳಿತಿರಬೇಕು. ಒಮ್ಮೆ ಆತುರಕ್ಕೆ ಬಿದ್ದು ಟೊಮೆಟೊ ಪಾತಿಗೆ ಹಸಿ ಸಗಣಿ ಸುರಿದಿದ್ದೆ. ವಾರದೊಳಗೆ ಎಲೆಯ ಅಂಚು ಸುಟ್ಟಂತಾಯಿತು. ತಿಂಗಳು ಬಿಟ್ಟು ಅಗೆದರೆ ಹೆಬ್ಬೆರಳು ಗಾತ್ರದ ಗೊಣ್ಣೆಹುಳುಗಳು! ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿಕೊಂಡು ಹಾಯಾಗಿ ಮಲಗಿದ್ದವು. ಈಗ ನರ್ಸರಿಯಲ್ಲಿ ಚೀಲ ಬಿಚ್ಚಿಸಿ ಒಳಗೆ ಕೈ ಹಾಕಿ ನೋಡುತ್ತೇನೆ. ಬಿಸಿ ಇದ್ದರೆ, ಸಗಣಿ ವಾಸನೆ ಬಂದರೆ ಬೇಡ. ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ತರುತ್ತೇನೆ.

ಮೇಲೆ ಒಣ ಎಲೆಯ ಹೊದಿಕೆ ಹಾಕಿ. ಇದಕ್ಕೆ ದುಡ್ಡು ಕೊಡಬೇಡಿ. ಬೇಸಿಗೆ ಶುರುವಾಗುವಾಗ ರಸ್ತೆ ಬದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ, ಅಲ್ವಾ? ಆ ರಾಶಿಗೆ ಯಾರಾದರೂ ಬೆಂಕಿ ಹಚ್ಚುವ ಮೊದಲು ಎರಡು ಚೀಲ ತುಂಬಿ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಆರಿಸಿ, 3 ಇಂಚು ಹರಡಿ, ನೀರು ಹಾಕಿ 15 ದಿನ ಸುಮ್ನೆ ಬಿಟ್ಟುಬಿಡಿ.

ಮೇ ಮಧ್ಯಕ್ಕೆ ಇಷ್ಟು ಮುಗಿದರೆ ಜೂನ್ ಮಳೆಗೆ ಬಿತ್ತಬಹುದು. ಎಲೆ ಸರಿಸಿ ಮೊದಲ ಸಲ ಅಲಸಂದೆಯನ್ನೇ ಹಾಕಿ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಹೂ ಬಿಡುವ ಹೊತ್ತಿಗೆ ಗಿಡ ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿ. ಅಲಸಂದೆಕಾಯಿ ಪಲ್ಯದ ಆಸೆಯಿದ್ದರೆ ಮೂಲೆಯಲ್ಲಿ ನಾಲ್ಕು ಗಿಡ ಉಳಿಸಿಕೊಳ್ಳಿ.