ವರ್ಡ್‌ಗೆ ಔಷಧಿಗಳ ಹೆಸರು ಕಲಿಸಿದ್ದು

ರಾಯಚೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಡಿಸ್ಚಾರ್ಜ್ ಸಮ್ಮರಿ, ಅಂದರೆ ರೋಗಿ ಮನೆಗೆ ಹೋಗುವಾಗ ಕೊಡುವ ಚಿಕಿತ್ಸೆಯ ವಿವರ, ಇಂಗ್ಲಿಷಿನಲ್ಲಿ ಟೈಪ್ ಮಾಡೋದು ನನ್ನ ಕೆಲಸ. ಸುತ್ತ ಭತ್ತ, ಹತ್ತಿ ಬೆಳೆಯುವ ಊರುಗಳು. ಹಾವು ಕಚ್ಚಿದವರು, ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರು ಬರುತ್ತಲೇ ಇರುತ್ತಾರೆ. ಪ್ರಾಲಿಡಾಕ್ಸಿಮ್, ನಿಯೋಸ್ಟಿಗ್ಮಿನ್ ಥರದ ಔಷಧಿ ಹೆಸರುಗಳನ್ನು ಹೊಡೆದೂ ಹೊಡೆದೂ ಕೈಗೆ ರೂಢಿಯಾಗಿವೆ. ಇಂಥ ಎಷ್ಟೋ ಹೆಸರು ನಾನು ಟೈಪ್ ಮಾಡುವ ಮೈಕ್ರೋಸಾಫ್ಟ್ ವರ್ಡ್‌ಗೆ ಗೊತ್ತಿಲ್ಲ, ಸ್ಪೆಲ್ಲಿಂಗ್ ತಪ್ಪೆಂದು ಕೆಳಗೆ ಗೆರೆ ಎಳೆಯುತ್ತದೆ. ಪುಟ ತುಂಬ ಕೆಂಪು ಗೆರೆ. ಅಷ್ಟರ ನಡುವೆ ನಿಜವಾದ ತಪ್ಪು ಕಣ್ಣಿಗೇ ಬೀಳೋದಿಲ್ಲ.

ರೈಟ್ ಕ್ಲಿಕ್ ಮಾಡಿ 'ಆ್ಯಡ್ ಟು ಡಿಕ್ಷನರಿ' ಒತ್ತಿದರೆ ಆಯ್ತು, ಅಲ್ವಾ? ಅದರ ಗತಿ ನೋಡಿದ್ದೇನೆ. ನನಗೆ ಕೊಟ್ಟ ಕಂಪ್ಯೂಟರಿನಲ್ಲಿ ಮೊದಲಿದ್ದವರು ಹೀಗೇ ಸೇರಿಸಿದ ಪಟ್ಟಿಯಿತ್ತು. ಡಯೇರಿಯಾ ಒಂದೇ ಮೂರು ಥರ: ಒಂದರಲ್ಲಿ ಆರ್ ಒಂದೇ, ಇನ್ನೊಂದರಲ್ಲಿ ಎಚ್ ಇಲ್ಲ, ಮತ್ತೊಂದರಲ್ಲಿ ಎಚ್ ಜಾಗ ತಪ್ಪಿ ಕೂತಿದೆ. ಒಮ್ಮೆ ಸೇರಿತೋ, ತಪ್ಪಿಗೂ ಗೆರೆ ಬರೋದಿಲ್ಲ.

ಆ ಪಟ್ಟಿ ಬಿಟ್ಟು ಹೊಸದು ಮಾಡಿದೆ. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಕಸ್ಟಮ್ ಡಿಕ್ಷನರೀಸ್. ಅಲ್ಲಿ ಎರಡು ಫೈಲ್ ತೆರೆದೆ. ಒಂದು ಔಷಧಿ, ಕಾಯಿಲೆಗಳಿಗೆ. ಇನ್ನೊಂದು ದೇವದುರ್ಗ, ಲಿಂಗಸುಗೂರು ಥರದ ಊರ ಹೆಸರಿಗೆ. ಈ ಫೈಲ್ ಬರೀ ಟೆಕ್ಸ್ಟ್. ವರ್ಡ್ ಮುಚ್ಚಿ, ನೋಟ್‌ಪ್ಯಾಡಿನಲ್ಲಿ ಸಾಲಿಗೊಂದು ಪದ ಹಾಕಿ, ಸೇವ್ ಮಾಡುವಾಗ ಎನ್‌ಕೋಡಿಂಗ್‌ನಲ್ಲಿ ಯುಟಿಎಫ್-16 ಎಲ್‌ಇ ಆರಿಸಬೇಕು. ಔಷಧಿಯ ಸ್ಪೆಲ್ಲಿಂಗನ್ನು ಮಾತ್ರೆಯ ಸ್ಟ್ರಿಪ್ ನೋಡಿಯೇ ಹೊಡೆದೆ, ಡಾಕ್ಟರ ಕೈಬರಹ ನೋಡಿ ಅಲ್ಲ!

ಇಷ್ಟಾದರೂ ದೊಡ್ಡ ಕಿಂಡಿಯೊಂದು ತೆರೆದೇ ಇತ್ತು. ನಮ್ಮಲ್ಲಿ ಮಾತ್ರೆಗಳ ಹೆಸರೆಲ್ಲ ಕ್ಯಾಪಿಟಲ್ ಅಕ್ಷರದಲ್ಲಿ. ವರ್ಡ್ ಅಂಥ ಪದಗಳನ್ನು ಪರೀಕ್ಷೆ ಮಾಡೋದೇ ಇಲ್ಲ. 'ಇಗ್ನೋರ್ ವರ್ಡ್ಸ್ ಇನ್ ಅಪ್ಪರ್‌ಕೇಸ್' ಎಂಬುದಕ್ಕೆ ಮೊದಲೇ ಟಿಕ್ ಇರುತ್ತದೆ. ಅದನ್ನು ತೆಗೆಯದೆ ಔಷಧಿ ಪಟ್ಟಿ ಮಾಡಿದರೆ ಸುಮ್ನೆ ದಂಡ.

ಇನ್ನು ಇಲಿಯಮ್. ಇಂಗ್ಲಿಷಿನಲ್ಲಿ ನಡುವೆ 'ಇ' (e) ಹೊಡೆದರೆ ಸಣ್ಣ ಕರುಳಿನ ಕೊನೆಯ ಭಾಗ, 'ಐ' (i) ಹೊಡೆದರೆ ಸೊಂಟದ ಮೂಳೆ. ಎರಡೂ ಸರಿಯಾದ ಪದಗಳೇ, ಗೆರೆ ಎಲ್ಲಿಂದ ಬರಬೇಕು? ಹೈಡ್ರಾಕ್ಸಿಜಿನ್ ತುರಿಕೆಗೆ, ಹೈಡ್ರಾಲಜಿನ್ ಬಿಪಿಗೆ. ಇಂಥ ಜೋಡಿಗಳಿಗೆ ನಾನು ಉಲ್ಟಾ ಮಾಡಿದೆ. ವಿಂಡೋಸ್‌ನ ಆಪ್‌ಡೇಟಾ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್‌ನೊಳಗೆ ಯುಪ್ರೂಫ್ ಎಂಬ ಫೋಲ್ಡರ್ ಇದೆ. ಅಲ್ಲಿ ಭಾಷೆಗೊಂದು ಎಕ್ಸ್‌ಕ್ಲೂಡ್ ಡಿಕ್ಷನರಿ. ಅದರಲ್ಲಿ ಹಾಕಿದ ಪದ ಸರಿಯಿದ್ದರೂ ಕೆಂಪಾಗುತ್ತದೆ. ಜೋಡಿಯ ಎರಡನ್ನೂ ಅದಕ್ಕೆ ಸೇರಿಸಿ, ನನ್ನ ಪಟ್ಟಿಯಿಂದ ತೆಗೆದೆ. ಈಗ ಆ ಪದ ಬಂದಾಗಲೆಲ್ಲ ಕೈ ನಿಲ್ಲುತ್ತದೆ, ಕೇಸ್‌ಶೀಟ್ ಮತ್ತೆ ನೋಡುತ್ತೇನೆ.

ಫೈಲ್‌ಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಲ್ಯಾಬ್ ಕಂಪ್ಯೂಟರಿಗೂ ಹಾಕಿದ್ದೇನೆ. ಅಲ್ಲಿನ ಹುಡುಗರು ಹೊಸ ಪದ ಬಂದರೆ ಚೀಟಿಯಲ್ಲಿ ಬರೆದಿಡುತ್ತಾರೆ. ಡಾಕ್ಟರು ಟಿಕ್ ಹಾಕಿದ್ದಷ್ಟೇ ಪಟ್ಟಿಗೆ ಸೇರುತ್ತದೆ.