ನಿಮ್ಮ ಬೀದಿಯಲ್ಲೇ ಮೊಸರು ಕುಡಿಕೆ ಕಟ್ಟೋದು ಹೇಗೆ?

ಮಕ್ಕಳಿಗೆ ಮೊಸರು ಕುಡಿಕೆ ಆಡಿಸೋದು ದೊಡ್ಡ ಕೆಲಸವೇನಲ್ಲ. ಒಂದು ಮಡಕೆ, ಗಟ್ಟಿ ಹಗ್ಗ, ಬಿದಿರು ಕೋಲು, ಆಮೇಲೆ ಹಗ್ಗ ಎಳೆಯೋಕೆ ಸ್ವಲ್ಪ ಕೀಟಲೆ ಸ್ವಭಾವದ ಒಬ್ಬ ಮಾವ. ಇಷ್ಟಿದ್ದರೆ ಸಾಕು.

ಮೊದಲು ದಿನದ ವಿಷಯ. ಕೃಷ್ಣಾಷ್ಟಮಿಯಂದೇ ಮುಗಿಸಿಬಿಡೋಣ ಅನ್ನುವವರು ಜಾಸ್ತಿ. ಬೇಡ, ಮರುದಿನ ಇಟ್ಟುಕೊಳ್ಳಿ. ಅಷ್ಟಮಿ ಉಪವಾಸದ ದಿನ, ಕೃಷ್ಣ ಹುಟ್ಟೋದೇ ನಡುರಾತ್ರಿ. ಉಡುಪಿಯಲ್ಲೂ ರಾತ್ರಿ ಅರ್ಘ್ಯ ಕೊಟ್ಟ ಮೇಲೆ, ಮಾರನೇ ದಿನವೇ ವಿಟ್ಲಪಿಂಡಿ. ಮಣ್ಣಿನ ಕೃಷ್ಣನ ಮೂರ್ತಿ ರಥದಲ್ಲಿ ಕೂತು ರಥಬೀದಿ ಸುತ್ತುತ್ತದೆ, ಗೊಲ್ಲರ ವೇಷದವರು ಗುರ್ಜಿಗಳಿಗೆ (ಬೀದಿಯಲ್ಲಿ ನೆಟ್ಟ ಮರದ ಚೌಕಟ್ಟುಗಳಿಗೆ) ಕಟ್ಟಿದ ಮಡಕೆಗಳನ್ನು ಕೋಲಿನಿಂದ ಒಡೆಯುತ್ತಾ ಹೋಗುತ್ತಾರೆ, ಊರೆಲ್ಲ ಹುಲಿವೇಷದ ತಾಸೆ ವಾದ್ಯದ ಸದ್ದು, ಕೊನೆಗೆ ಮೂರ್ತಿಯನ್ನು ಮಧ್ವ ಸರೋವರದಲ್ಲಿ ಬಿಡುತ್ತಾರೆ. ಭಾಗವತದ 10ನೇ ಸ್ಕಂಧದಲ್ಲೂ ಮಗು ಹುಟ್ಟಿದ ಸುದ್ದಿ ತಿಳಿದ ಮೇಲೆ ಗೋಪರು ಒಬ್ಬರ ಮೇಲೊಬ್ಬರು ಮೊಸರು, ಹಾಲು, ತುಪ್ಪ, ನೀರು ಎರಚಿಕೊಂಡು, ಮೈಗೆ ಬೆಣ್ಣೆ ಮೆತ್ತಿ ಕುಣಿಯುತ್ತಾರೆ. ಹಾಗಾಗಿ ಈ ಆಟದಲ್ಲಿ ಒದ್ದೆಯಾಗದೆ ಮನೆಗೆ ಹೋಗುವಂತಿಲ್ಲ!

ಮಡಕೆ ತೆಳುವಾಗಿರಲಿ, ಒಂದೂವರೆ ಲೀಟರ್ ಹಿಡಿಯುವಷ್ಟು ಚಿಕ್ಕದಾಗಿರಲಿ. ಅಡುಗೆಯ ದಪ್ಪ ಮಡಕೆ ಎಷ್ಟು ಹೊಡೆದರೂ ಒಡೆಯುವುದಿಲ್ಲ, ಮಕ್ಕಳು ಅಳುವ ಹಾಗಾಗುತ್ತದೆ. ಅರ್ಧ ಮಾತ್ರ ತುಂಬಿಸಿ. ಕಡೆದ ಮೊಸರು, ಒಂದಿಷ್ಟು ಅವಲಕ್ಕಿ, ಉಳಿದದ್ದು ನೀರು. ನಾಣ್ಯ ಹಾಕಬೇಡಿ, ತಲೆ ಮೇಲೆ ಬೀಳುತ್ತವೆ. ತಿನ್ನುವ ಮೊಸರವಲಕ್ಕಿ ಬೇರೆ ಪಾತ್ರೆಯಲ್ಲಿರಲಿ. ಎರಚೋಕೆ ಓಕುಳಿ ಬೇಕಿದ್ದರೆ ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಹಾಕಿ, ಕೆಂಪಗಾಗುತ್ತದೆ. ಒಂದೇ ಚಿಟಿಕೆ, ಜಾಸ್ತಿಯಾದರೆ ಕಣ್ಣು ಉರಿಯುತ್ತದೆ.

ಮಡಕೆಯ ಕತ್ತಿಗೆ ಮಾತ್ರ ಗಂಟು ಹಾಕಿದರೆ ಒಡೆದಾಗ ಚೂರೆಲ್ಲ ಕೆಳಗೆ. ಹಿಂದೆ ಅಡುಗೆಮನೆಯಲ್ಲಿ ನೇತಾಡುತ್ತಿದ್ದ ನೆಲುವಿನ ಹಾಗೆ ತೆಂಗಿನ ಹಗ್ಗದ ಬಲೆ ಹೆಣೆದು ಅದರೊಳಗೆ ಕೂರಿಸಿ, ದೊಡ್ಡ ಚೂರುಗಳು ಬಲೆಯಲ್ಲೇ ಉಳಿಯುತ್ತವೆ. ಹಗ್ಗದ ಇನ್ನೊಂದು ತುದಿಯನ್ನು ಗಟ್ಟಿ ಕೊಂಬೆಯ ಮೇಲಿಂದಲೋ ರಾಟೆಯ ಮೇಲಿಂದಲೋ ಇಳಿಬಿಟ್ಟು ಆ ಮಾವನ ಕೈಗೆ ಕೊಡಿ. ಕೆಳಗೆ ಮರಳು ಅಥವಾ ಹುಲ್ಲು ಇರಲಿ, ಟಾರ್ಪಾಲು ಬೇಡ, ಮೊಸರು ಬಿದ್ದರೆ ಜಾರುತ್ತದೆ. ಹೊಡೆಯುವವರು ಚಪ್ಪಲಿ ಹಾಕಿರಲಿ, ಉಳಿದವರು ಹತ್ತು ಅಡಿ ದೂರ ನಿಲ್ಲಲಿ. ಕಣ್ಣಿಗೆ ಬಟ್ಟೆ ಕಟ್ಟುತ್ತೀರಾದರೆ ಇನ್ನೂ ದೂರ.

ಈಗ ಹಗ್ಗ ಎಳೆಯುವ ಕಲೆ. ಮಡಕೆ ಯಾಕೆ ಅಷ್ಟು ಮೇಲೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಗೋಪಿಯರು ಕೃಷ್ಣನ ಕೈಗೆ ಸಿಗಬಾರದು ಅಂತ ಮೊಸರನ್ನು ನೆಲುವಿನಲ್ಲಿ ಮೇಲಕ್ಕೆ ಕಟ್ಟಿಡುತ್ತಿದ್ದರು. ಅವನೋ ಮಣೆ, ಒರಳು ಸಿಕ್ಕಿದ್ದನ್ನೆಲ್ಲ ಬಳಸಿ ಹತ್ತಿ, ಎಟುಕದಿದ್ದರೆ ಮಡಕೆಗೇ ತೂತು ಹಾಕಿ, ತಾನೂ ತಿಂದು ಕೋತಿಗಳಿಗೂ ಹಂಚುತ್ತಿದ್ದ. ಮಡಕೆ ಅಂದರೆ ಅಹಂಕಾರ, ಅದು ಒಡೆದರೆ ಭಕ್ತಿ ಸಿಗುತ್ತದೆ ಅಂತ ಪ್ರವಚನಗಳಲ್ಲಿ ಹೇಳುತ್ತಾರೆ. ಇರಲಿ. ನನಗೆ ಹಿಡಿಸೋದು ಕಥೆಯಲ್ಲೇ ಇರುವ ಅರ್ಥ: ಮೇಲೆ ಬಚ್ಚಿಟ್ಟದ್ದು ಕೆಳಗಿಳಿಯಿತು, ಕೋತಿಗೂ ಪಾಲು ಬಂತು.

ಭಾಗವತದಲ್ಲಿ ಈ ಕಥೆಯ ಮುಂದಿನ ಅಧ್ಯಾಯದಲ್ಲಿ ಯಶೋದೆ ಅವನನ್ನು ಒರಳಿಗೆ ಕಟ್ಟಲು ಹೋದಾಗ ಎಷ್ಟು ಹಗ್ಗ ಸೇರಿಸಿದರೂ ಎರಡು ಬೆರಳು ಕಮ್ಮಿ. ಅಮ್ಮ ಬೆವೆತು ಸೋತದ್ದು ಕಂಡಾಗ ಅವನೇ ಕಟ್ಟಿಸಿಕೊಂಡ. ಒಂದು ಬೆರಳು ನಮ್ಮ ಪ್ರಯತ್ನ, ಇನ್ನೊಂದು ಅವನ ಕೃಪೆ ಅಂತ ಹಿರಿಯರ ವಿವರಣೆ. ಹಗ್ಗ ಹಿಡಿದ ಮಾವ ಇದನ್ನೇ ಮಾಡಬೇಕು. ಕೋಲು ಬೀಸಿದಾಗ ಎರಡು ಬೆರಳು ಮೇಲೆ, ಮತ್ತೆ ಬೀಸಿದಾಗ ಮತ್ತೆ ಮೇಲೆ. ಮಗುವಿನ ಮುಖದಲ್ಲಿ ನಗು ಹೋಗಿ ಹಟ ಬರುತ್ತಿದ್ದ ಹಾಗೆ ಸುಮ್ನೆ ಇಳಿಸಿಬಿಡಿ. ತೀರಾ ಚಿಕ್ಕವರಿಗೆ ಎರಡನೇ ಏಟಿಗೇ ಸಿಗಲಿ.

ಮುಂಬೈ ಥರ ಮಾನವ ಗೋಪುರ ಕಟ್ಟೋಣ ಅಂತ ಯಾರಾದರೂ ಹುರುಪಿನಿಂದ ಹೇಳಿಯೇ ಹೇಳುತ್ತಾರೆ. ಅಲ್ಲಿನ ಗೋವಿಂದಾ ತಂಡಗಳು ವಾರಗಟ್ಟಲೆ ಅಭ್ಯಾಸ ಮಾಡುತ್ತವೆ. ಆದರೂ ಬೀಳುತ್ತಾರೆ. 2014ರಲ್ಲಿ ಬಾಂಬೆ ಹೈಕೋರ್ಟ್ 20 ಅಡಿ ಮಿತಿ ಹಾಕಿ, 18 ತುಂಬದವರು ಬೇಡ ಅಂದಿತ್ತು. 2017ರಲ್ಲಿ ಎತ್ತರದ ಮಿತಿ ಹೋಯಿತು, ವಯಸ್ಸು 14ಕ್ಕೆ ಇಳಿಯಿತು. ಎತ್ತರ, ಬಹುಮಾನ ಅಂತ ಶುರುವಾದರೆ ಹಂಚಿ ತಿನ್ನುವ ಮಾತು ಹಿಂದೆ ಬೀಳುತ್ತದೆ, ಅಲ್ವಾ? ನಮ್ಮ ಬೀದಿಗೆ ಕೋಲೇ ಸಾಕು.

ಒಂದೇ ಮಡಕೆಗೆ ಇಪ್ಪತ್ತು ಮಕ್ಕಳಿದ್ದರೆ ಜಗಳ ಗ್ಯಾರಂಟಿ. ಮೂರು ನಾಲ್ಕು ಮಡಕೆ ತಂದಿಡಿ. ಮನೆಗೆಲಸದವರ, ಸೆಕ್ಯುರಿಟಿಯವರ ಮಕ್ಕಳಿಗೂ ಕೋಲು ಸಿಗಲಿ, ಅದೂ ಕೊನೆಯ ಸರದಿಯಲ್ಲಿ ಅಲ್ಲ. ಉಂಡೆ, ಚಕ್ಕುಲಿ ತಲೆ ಎಣಿಸಿ ಮಾಡಬೇಡಿ, ದಾರಿಹೋಕರೂ ಕೈಚಾಚುತ್ತಾರೆ.

ಆಟ ಮುಗಿದ ಕೂಡಲೇ ಚೂರು ಆರಿಸಿ, ಹೂಕುಂಡದ ತಳಕ್ಕೆ ಹಾಕಲು ಚೆನ್ನಾಗಿರುತ್ತವೆ. ಮೊಸರು ಒಣಗುವ ಮೊದಲೇ ನೆಲ ತೊಳೆಯಿರಿ, ಇಲ್ಲದಿದ್ದರೆ ಸಂಜೆಗೆ ಹುಳಿ ವಾಸನೆ. ಬಟ್ಟೆಗೆ ಬಿದ್ದ ಅರಿಶಿನದ ಕಲೆಗೆ ಸೋಪು ಉಜ್ಜಿ, ಜಾಲಿಸಿ, ನಾಲ್ಕು ದಿನ ಬಿಸಿಲಿಗೆ ಹಾಕಿದರೆ ತಾನಾಗಿ ಮಾಸುತ್ತದೆ.