ಹಾಲು ಹಲ್ಲು ಅಂತ ಸುಮ್ನೆ ಬಿಡಬೇಡಿ

ತೀರ್ಥಹಳ್ಳಿ ಕಡೆ ನಮ್ಮ ಮನೆಯಲ್ಲಿ, ಹಲ್ಲು ಬರುವಾಗ ಮಗು ಅತ್ತರೆ ಬೆರಳಿಗೆ ಜೋನಿ ಬೆಲ್ಲ ಹಚ್ಚಿ ವಸಡಿಗೆ ಸವರುವುದು ರೂಢಿ. ನನ್ನ ಮಗಳಿಗೂ ಹಾಗೇ ಮಾಡಿದೆವು. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದಳು. ಒಂದೂವರೆ ವರ್ಷಕ್ಕೆ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ, ವಸಡಿನ ಅಂಚಿಗೇ, ಸುಣ್ಣ ಬಳಿದ ಹಾಗೆ ಬಿಳಿ ಗೆರೆ. ಹಾಲಿನ ಕಲೆ ಅಂದುಕೊಂಡೆವು. ಹುಳುಕಿನ ಮೊದಲ ಗುರುತೇ ಅದು. ಕಂದು ಬಣ್ಣಕ್ಕೆ ತಿರುಗಿದ ಮೇಲೆ ಶಿವಮೊಗ್ಗಕ್ಕೆ ಓಡಿದೆವು.

ಬಿದ್ದು ಹೋಗುವ ಹಲ್ಲು ಅಲ್ವಾ ಅನ್ನಬೇಡಿ. ಹಾಲಿನ ದವಡೆ ಹಲ್ಲುಗಳು 10-12 ವರ್ಷದವರೆಗೂ ಬೇಕು. ಹೊಸ ಹಲ್ಲಿಗೆ ಜಾಗ ಕಾಯುವುದು ಅವೇ. 6 ವರ್ಷದ ಹೊತ್ತಿಗೆ ಅವುಗಳ ಹಿಂದೆ ಒಂದು ಹಲ್ಲು ಬರುತ್ತದೆ, ಯಾವ ಹಲ್ಲೂ ಬೀಳದೆ. ಅದನ್ನೂ ಹಾಲು ಹಲ್ಲು ಅಂದುಕೊಳ್ಳುವವರೇ ಜಾಸ್ತಿ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ.

ಮೊದಲ ಹಲ್ಲು ಕಂಡಾಗಿನಿಂದಲೇ ಫ್ಲೋರೈಡ್ ಪೇಸ್ಟ್‌ನಲ್ಲಿ ಉಜ್ಜಿ, ಅಕ್ಕಿ ಕಾಳಿನಷ್ಟು ಸಾಕು. 3 ವರ್ಷದ ಮೇಲೆ ಬಟಾಣಿಯಷ್ಟು. ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ, ವಸಡಿಗೆ ಸವರುವುದಕ್ಕೂ. ಹಲ್ಲು ಬರುವಾಗ ಜೋರು ಜ್ವರ, ಭೇದಿ ಬಂದರೆ ಹಲ್ಲಿನದ್ದು ಅಂತ ಕಾಯದೆ ಡಾಕ್ಟರಿಗೆ ತೋರಿಸಿ.